ಬಸ್ ಸ್ಟ್ಯಾಂಡ್ ಹಿಂದೆ ಒಂದು ಓದುವ ಕೋಣೆ ಉಳಿಸಿಕೊಡಿ

ಸಂಪಾದಕರಿಗೆ ನಮಸ್ಕಾರ.

ನಿಮ್ಮ ಪತ್ರಿಕೆಯನ್ನು ನಾನು 1993ರಿಂದ ಮನೆಮನೆಗೆ ಹಾಕುತ್ತಿದ್ದೇನೆ. ನಿಮಗೆ ಪತ್ರ ಬರೆಯುತ್ತಿರುವುದು ಮಾತ್ರ ಇದೇ ಮೊದಲು. ಬೆಳಗಿನ ಜಾವ ನಾಲ್ಕಕ್ಕೆ ನಿಮ್ಮ ಬಂಡಲ್ ಬಿಚ್ಚಿ, ಪುರವಣಿ ತೂರಿಸಿ, ಲೈನ್ ಹುಡುಗರಿಗೆ ಎಣಿಸಿ ಕೊಡುವವನು ನಾನು. ಅದರ ಒಳಗೆ ನನ್ನ ಮಾತೂ ಅಚ್ಚಾಗಬಹುದು ಅಂತ ಯಾವತ್ತೂ ಅನ್ನಿಸಿರಲಿಲ್ಲ. ಈಗ ಬರೆಯದಿದ್ದರೆ ರಾತ್ರಿ ನಿದ್ದೆ ಬರುವುದಿಲ್ಲ ಅನ್ನೋ ಹಾಗಾಗಿದೆ. ಮೊದಲೇ ನಾವು ಪೇಪರಿನವರಿಗೆ ನಿದ್ದೆ ಕಮ್ಮಿ.

ವಿಷಯ ಇಷ್ಟು. ನಮ್ಮೂರಿನ ಸರ್ಕಾರಿ ಲೈಬ್ರರಿ ಮೂರು ವರ್ಷ ಮುಚ್ಚಿದ್ದು ಮತ್ತೆ ತೆರೆದಿದೆ. ಹೊಸ ಕಟ್ಟಡ, ಹೊಸ ಜಾಗ. ಸಂತೋಷದ ಸುದ್ದಿಯೇ. ನಿಮ್ಮ ಜಿಲ್ಲಾ ಪುಟದಲ್ಲೂ ಫೋಟೊ ಬಂದಿತ್ತು. ಫೋಟೊದಲ್ಲಿ ಕಾಣದ ಒಂದಿಷ್ಟು ಸಂಗತಿ ಇದೆ, ಅದನ್ನು ಹೇಳಬೇಕು.

ನಮ್ಮದು ತುಮಕೂರು ಜಿಲ್ಲೆಯ ಒಂದು ತಾಲ್ಲೂಕು ಕೇಂದ್ರ. ಊರಿನ ಹೆಸರು ಬೇಕೆಂದೇ ಬರೆದಿಲ್ಲ. ಬರೆದರೆ ಪತ್ರ ಅಚ್ಚಾದ ದಿನ ಮೊದಲು ಫೋನ್ ಬರುವುದು ನಮ್ಮ ಗ್ರಂಥಪಾಲಕಿಗೆ. ಅವರ ತಪ್ಪು ಇದರಲ್ಲಿ ಸಾಸಿವೆ ಕಾಳಿನಷ್ಟೂ ಇಲ್ಲ.

ಹಳೆಯ ಲೈಬ್ರರಿ ಬಸ್ ಸ್ಟ್ಯಾಂಡಿನ ಹಿಂದೆ ಇತ್ತು. ಮಂಗಳೂರು ಹೆಂಚಿನ ಕಟ್ಟಡ. ಮುಂದೆ ಒಂದು ಜಗುಲಿ, ಪಕ್ಕದಲ್ಲಿ ಟೀ ಅಂಗಡಿ. ಒಳಗೆ ಕಾಲಿಟ್ಟರೆ ಹಳೆ ಕಾಗದ, ನುಸಿಗುಳಿಗೆ, ಒದ್ದೆ ಗೋಡೆ, ಮೂರೂ ಸೇರಿದ ಒಂದು ವಾಸನೆ. ಬೆಳಗ್ಗೆ ಒಂದು ಹೊತ್ತು, ಸಂಜೆ ಒಂದು ಹೊತ್ತು ಬಾಗಿಲು ತೆರೆಯುತ್ತಿತ್ತು. ನಾನು ಪೇಪರ್ ತರುವ ಹೊತ್ತಿಗೆ ಜಗುಲಿ ಮೇಲೆ ಐದಾರು ಜನ ಕೂತಿರುತ್ತಿದ್ದರು. ಕೈಗೆ ಕೊಡುವವರೆಗೂ ತಡೆಯುತ್ತಿರಲಿಲ್ಲ. ಗಾಡಿ ನಿಲ್ಲಿಸುವ ಮೊದಲೇ ಬಂಡಲ್ ಎಳೆದುಕೊಳ್ಳುತ್ತಿದ್ದರು.

ಅವರಲ್ಲಿ ಒಬ್ಬ ಅಜ್ಜ ಯಾವಾಗಲೂ ಕೊನೆಯ ಪುಟದಿಂದ ಓದುವವರು. ಇನ್ನೊಬ್ಬರಿಗೆ ಮೊದಲು ನಿಧನದ ಕಾಲಂ ಬೇಕು, ಯಾರ ತಿಥಿ ಯಾವತ್ತು ಅಂತ ನೋಡಿಕೊಳ್ಳಲು. ತೆಂಗಿನ ತೋಟದವರು ತಿಪಟೂರಿನ ಕೊಬ್ಬರಿ ಧಾರಣೆ ನೋಡಿ, ಬಾಕಿ ಪುಟ ಮಡಚಿಟ್ಟು ಎದ್ದು ಹೋಗುವರು. ಒಬ್ಬ ಹುಡುಗ ಕೆಲಸದ ಜಾಹೀರಾತನ್ನು ಬ್ಲೇಡಿನಲ್ಲಿ ಕತ್ತರಿಸಿಕೊಂಡು ಹೋಗುತ್ತಿದ್ದ. ಅದರ ಹಿಂದಿನ ಪುಟದಲ್ಲಿದ್ದ ಪದಬಂಧ ಹಾಳಾಯಿತು ಅಂತ ಬೈಗುಳ ನನಗೆ ಬೀಳುತ್ತಿತ್ತು. ಆ ಹುಡುಗ ಈಗ ಗ್ರಾಮ ಪಂಚಾಯಿತಿಯೊಂದರಲ್ಲಿ ಕಾರ್ಯದರ್ಶಿ. ಸಿಕ್ಕಾಗ ನಗುತ್ತಾನೆ. ನಾನೂ ನಗುತ್ತೇನೆ.

ಇವರಲ್ಲಿ ಯಾರಿಗೂ ‘ಓದುಗ’ ಅನ್ನೋ ದೊಡ್ಡ ಹೆಸರು ಒಪ್ಪುವುದಿಲ್ಲ. ಯಾರೂ ಲೈಬ್ರರಿಗೆ ಅಂತ ಮನೆಯಿಂದ ಹೊರಟು ಬಂದವರಲ್ಲ. ಬಸ್ಸಿಗೆ ಬಂದವರು, ಸಂತೆಗೆ ಬಂದವರು, ತಾಲ್ಲೂಕು ಆಫೀಸಿನಲ್ಲಿ ‘ಮಧ್ಯಾಹ್ನ ಬಾ’ ಅನ್ನಿಸಿಕೊಂಡು ಹೊತ್ತು ಕಳೆಯಲು ಬಂದವರು. ದಾರಿಯಲ್ಲಿ ಇತ್ತು, ಒಳಗೆ ಹೋದರು. ಹಾಗೆ ಒಳಗೆ ಹೋದವರಲ್ಲಿ ನಾನೂ ಒಬ್ಬ. ಎಸ್ಸೆಸ್ಸೆಲ್ಸಿ ಫೇಲಾದವನು ನಾನು. ಪೇಪರ್ ಕೊಟ್ಟು ಉಸಿರು ಬಿಡಲು ಕೂರುತ್ತಿದ್ದೆ. ಕೂತಲ್ಲಿ ಕೈಗೆ ಸಿಕ್ಕ ಪುಸ್ತಕ ತಿರುವುತ್ತಿದ್ದೆ. ಮೊದಲು ಪತ್ತೇದಾರಿ, ಆಮೇಲೆ ಸಾಮಾಜಿಕ ಕಾದಂಬರಿ. ಈ ಪತ್ರದಲ್ಲಿ ಕಾಗುಣಿತ ತಪ್ಪಿಲ್ಲದಿದ್ದರೆ ಅದು ಆ ಜಗುಲಿಯ ಋಣ.

2022ರ ಮಳೆ ನಿಮಗೆ ನೆನಪಿರಬಹುದು. ನಮ್ಮ ಜಿಲ್ಲೆಯಲ್ಲಿ ವರ್ಷಗಳಿಂದ ಬತ್ತಿದ್ದ ಕೆರೆಗಳೂ ಕೋಡಿ ಬಿದ್ದ ವರ್ಷ ಅದು. ಕೆರೆ ತುಂಬಿದ್ದಕ್ಕೆ ಊರೆಲ್ಲ ಬಾಗಿನ ಕೊಟ್ಟರು. ಲೈಬ್ರರಿಯ ತೊಲೆ ಮಾತ್ರ ಬಾಗಿತು. ಆಗಸ್ಟಿನ ಒಂದು ಬೆಳಗ್ಗೆ ಹೋದರೆ ಬೀಗ, ಬೀಗದ ಮೇಲೆ ಬೋರ್ಡು: ಶಿಥಿಲ ಕಟ್ಟಡ, ಒಳಗೆ ಪ್ರವೇಶವಿಲ್ಲ. ಸರಿಯಾದ ಕೆಲಸವೇ. ಹೆಂಚು ಯಾರದಾದರೂ ತಲೆ ಮೇಲೆ ಬಿದ್ದಿದ್ದರೆ ಏನು ಗತಿ? ‘ಮೂರು ತಿಂಗಳಲ್ಲಿ ಬೇರೆ ಕಡೆ ತೆರೆಯುತ್ತೇವೆ’ ಅಂದರು. ನಾನೂ ನಂಬಿದೆ.

ಪೇಪರ್ ನಿಲ್ಲಿಸಿ ಅಂತ ಚೀಟಿ ಬಂತು. ನಿಲ್ಲಿಸಲು ಮನಸ್ಸಾಗಲಿಲ್ಲ. ಒಂದು ವಾರ ಮುಚ್ಚಿದ ಬಾಗಿಲಿನ ಮುಂದೆಯೇ ಒಂದು ಪ್ರತಿ ಇಟ್ಟೆ. ಜನ ಬಂದು, ಜಗುಲಿ ಮೇಲೆ ಕೂತು, ಓದಿ, ಕಲ್ಲು ಹೇರಿಟ್ಟು ಹೋಗುತ್ತಿದ್ದರು. ಆಮೇಲೆ ಟೀ ಅಂಗಡಿಯವರು ತಮ್ಮ ಬೆಂಚಿನ ಮೇಲೆ ಹಗ್ಗ ಕಟ್ಟಿ ಅದರಲ್ಲಿ ತೂಗುಹಾಕಲು ಒಪ್ಪಿದರು. ದುಡ್ಡು ಅರ್ಧ ಅವರದು, ಅರ್ಧ ನನ್ನದು. ಒಂದು ತೊಂದರೆ ಇತ್ತು. ಬೆಂಚಿನಲ್ಲಿ ಕೂತವರಿಗೆ ಟೀ ಕುಡಿಯದೆ ಏಳಲು ಸಂಕೋಚ. ಕೊನೆಯ ಪುಟದಿಂದ ಓದುವ ಅಜ್ಜನಿಗೆ ಸಕ್ಕರೆ ಕಾಯಿಲೆ. ದುಡ್ಡೂ ಇಲ್ಲ, ಟೀಯೂ ಕೂಡದು. ಅವರು ನಿಂತೇ ಓದಿ ಹೋಗುತ್ತಿದ್ದರು. ಒಂದು ದಿನ ಬರುವುದನ್ನೇ ಬಿಟ್ಟರು.

ಇನ್ನು ಪುಸ್ತಕಗಳ ಕಥೆ. ಗೋಣಿಚೀಲಕ್ಕೆ ತುಂಬಿ, ಖಾಲಿ ಬಿದ್ದಿದ್ದ ಒಂದು ಹಾಸ್ಟೆಲ್ ಕೋಣೆಯಲ್ಲಿ ಇಟ್ಟಿದ್ದರು. ಹೋದ ವರ್ಷ ಹೊಸ ಕಟ್ಟಡಕ್ಕೆ ಸಾಗಿಸುವಾಗ ನನ್ನ ಭಾವಮೈದುನನ ಲಗೇಜ್ ಆಟೋ ತೆಗೆದುಕೊಂಡು ಹೋದೆ. ಎರಡು ದಿನ, ಹನ್ನೊಂದು ಟ್ರಿಪ್. ಕೆಳಗಿನ ಸಾಲಿನ ಚೀಲಗಳನ್ನು ಎತ್ತಿದರೆ ತಳವೇ ಇಲ್ಲ. ಗೆದ್ದಲು ಹುಡಿ ಮಾಡಿತ್ತು. ಒಂದು ದಪ್ಪ ನಿಘಂಟಿನಲ್ಲಿ ‘ಅ’ದಿಂದ ‘ಕ’ವರೆಗೆ ಮಣ್ಣು, ಮುಂದಕ್ಕೆ ಪುಸ್ತಕ. ಗ್ರಂಥಪಾಲಕಿ ಅದನ್ನು ಕೈಯಲ್ಲಿ ಹಿಡಿದು ಸ್ವಲ್ಪ ಹೊತ್ತು ಸುಮ್ನೆ ನಿಂತಿದ್ದರು. ಆಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಉಳಿದದ್ದನ್ನು ಒರೆಸಲು ಕೂತರು. ಪುಸ್ತಕದ ಬೆನ್ನಿನ ಮೇಲೆ 894.814 ಅಂತ ಚೀಟಿ ಇರುತ್ತದಲ್ಲ, ಅದು ಕನ್ನಡ ಸಾಹಿತ್ಯದ ನಂಬರು ಅಂತ ಅವತ್ತು ಗೊತ್ತಾಯಿತು. ಪುಸ್ತಕಕ್ಕೆ ವಿಷಯದ ಪ್ರಕಾರ ನಂಬರು ಹಾಕುವ ಈ ಡ್ಯೂಯಿ ಪದ್ಧತಿ ಇಟ್ಟುಕೊಂಡ ಲೈಬ್ರರಿಗೆ ಪ್ರಪಂಚದಲ್ಲಿ ಎಲ್ಲೇ ಹೋದರೂ ಕನ್ನಡದ ಮನೆ ನಂಬರು ಇದೇ ಅಂತೆ. ಮೂವತ್ತು ವರ್ಷ ಆ ಚೀಟಿ ನೋಡಿದ್ದೆ. ಯಾರದೋ ಫೋನ್ ನಂಬರಿನ ಹಾಗೆ ಕಂಡಿತ್ತು.

ಉದ್ಘಾಟನೆ ಡಿಸೆಂಬರಿನಲ್ಲಿ ಆಯಿತು. ಶಾಮಿಯಾನ, ಶಾಲು, ಹಾರ, ಏಲಕ್ಕಿ ಬಾಳೆ. ಭಾಷಣ ಎರಡು ಗಂಟೆ. ‘ಇಂದಿನ ಯುವಜನ ಮೊಬೈಲಿನಿಂದ ಓದು ಮರೆತಿದ್ದಾರೆ’ ಅಂತ ಮೂರು ಜನ ಹೇಳಿದರು. ಮೂವರೂ ವೇದಿಕೆ ಮೇಲೆ ಮೊಬೈಲ್ ನೋಡುತ್ತಲೇ ಕೂತಿದ್ದರು. ಇರಲಿ. ಪುಸ್ತಕದ ಬೀರುಗಳಿಗೆ ಅವತ್ತು ಬೀಗ ಹಾಕಿತ್ತು, ಜನ ಜಾಸ್ತಿ ಅಂತ.

ಹೊಸ ಕಟ್ಟಡದ ಒಳ್ಳೆಯದನ್ನು ಹೇಳದಿದ್ದರೆ ತಪ್ಪಾಗುತ್ತದೆ. ಗಾಳಿ, ಬೆಳಕು ಚೆನ್ನಾಗಿದೆ. ಸೋರುವುದಿಲ್ಲ. ಹೆಂಗಸರಿಗೆ ಶೌಚಾಲಯ ಇದೆ. ಹಳೆ ಕಟ್ಟಡದಲ್ಲಿ ಅದು ಇರಲೇ ಇಲ್ಲ, ಅದಕ್ಕೇ ಅಲ್ಲಿ ಹೆಂಗಸರು ಜಾಸ್ತಿ ಹೊತ್ತು ಕೂರುತ್ತಿರಲಿಲ್ಲ ಅಂತ ನಮಗೆ ಗಂಡಸರಿಗೆ ಹೊಳೆಯಲು ಇಷ್ಟು ವರ್ಷ ಬೇಕಾಯಿತು. ಮಕ್ಕಳಿಗೆ ಬೇರೆ ಕೋಣೆ, ಕುಳ್ಳ ಮೇಜು. ಕಂಪ್ಯೂಟರ್ ನಾಲ್ಕು, ನೆಟ್ ಇದೆ. 2020ರಲ್ಲಿ ಸರ್ಕಾರ ಶುರು ಮಾಡಿದ ಡಿಜಿಟಲ್ ಲೈಬ್ರರಿಯನ್ನು ಅಲ್ಲಿ ತೆರೆದು ತೋರಿಸುತ್ತಾರೆ.

ಪರೀಕ್ಷೆಗೆ ಓದುವ ಮಕ್ಕಳಿಗಂತೂ ಅದು ಗುಡಿಯಾಗಿದೆ. ಪಿಡಿಒ, ಪೊಲೀಸ್, ಎಫ್‌ಡಿಎ ಅಂತ ಸರ್ಕಾರಿ ಕೆಲಸಕ್ಕೆ ಓದುವವರು. ಬಾಗಿಲು ತೆರೆಯುವುದು ಹತ್ತಕ್ಕೆ. ಏಳೂವರೆಗೇ ಬಂದು ಮೆಟ್ಟಿಲ ಮೇಲೆ ಕೂತು ಒಬ್ಬರಿಗೊಬ್ಬರು ಪ್ರಶ್ನೆ ಕೇಳಿಕೊಳ್ಳುತ್ತಿರುತ್ತಾರೆ. ನಾನು ಪೇಪರ್ ಹಾಕಲು ಹೋದಾಗ ನನಗೂ ಒಂದು ಪ್ರಶ್ನೆ ಬೀಳುತ್ತದೆ. ‘ಅಣ್ಣ, ರಾಜ್ಯದ ಗ್ರಂಥಾಲಯ ಕಾಯ್ದೆ ಬಂದಿದ್ದು ಯಾವ ವರ್ಷ?’ 1965 ಅಂದೆ. ಚಪ್ಪಾಳೆ ಹೊಡೆದರು. ಇವರಿಗೆ ಊಟಕ್ಕೆ ಹೋಗಿ ಬರಲು ದುಡ್ಡಿಲ್ಲ. ಡಬ್ಬಿ ತರುತ್ತಾರೆ. ಡಬ್ಬಿ ಬಿಚ್ಚಲು ಒಂದು ಜಾಗ ಬೇಕು ಅಂತ ಕೇಳಿದ್ದಾರೆ, ಇನ್ನೂ ಸಿಕ್ಕಿಲ್ಲ.

ಆದರೆ ಜಾಗ ನೋಡಿ. ಬಸ್ ಸ್ಟ್ಯಾಂಡಿನಿಂದ ಎರಡು ಕಿಲೋಮೀಟರ್. ಬೈಪಾಸ್ ಕಡೆ, ಹೊಸ ಬಡಾವಣೆ ದಾಟಿ, ಆಫೀಸುಗಳ ಹಿಂದೆ. ಅದೂ ಮೊದಲ ಮಹಡಿ. ಮೆಟ್ಟಿಲು ಇಪ್ಪತ್ತನಾಲ್ಕು. ಲಿಫ್ಟ್ ಇಲ್ಲ, ಇಳಿಜಾರು ದಾರಿ ಇಲ್ಲ. ಒಂದಡಿ ಎತ್ತರ ಏರಲು ಹನ್ನೆರಡಡಿ ಉದ್ದದ ಇಳಿಜಾರು ಬೇಕು ಅಂತ ಇಂಜಿನಿಯರುಗಳ ಲೆಕ್ಕ. ಮಹಡಿ ಹನ್ನೆರಡಡಿ ಮೇಲಿದ್ದರೆ 144 ಅಡಿ ಆಯಿತು. ಅಷ್ಟು ಜಾಗ ಎಲ್ಲಿಂದ ತರುತ್ತಾರೆ? ಕೆಳಗಿನ ಮಹಡಿಯನ್ನೇ ಲೈಬ್ರರಿಗೆ ಕೊಟ್ಟು ಆಫೀಸನ್ನು ಮೇಲೆ ಕಳಿಸಿದ್ದರೆ ಈ ಲೆಕ್ಕವೇ ಬೇಕಿರಲಿಲ್ಲ. ಅಂಗವಿಕಲರ ಹಕ್ಕುಗಳ ಕಾಯ್ದೆ ಬಂದಿದ್ದು 2016ರಲ್ಲಿ. ಈ ಕಟ್ಟಡ ಅದರ ಆಮೇಲಿನದು.

ಆಟೋ ಹತ್ತಿದರೆ ಹೋಗಲು ನಲವತ್ತು, ಬರಲು ನಲವತ್ತು. ಎಂಬತ್ತು ರೂಪಾಯಿ ಕೊಟ್ಟು ಪುಕ್ಕಟೆ ಪೇಪರ್ ಓದಲು ಯಾರು ಹೋಗುತ್ತಾರೆ? ಅದೇ ದುಡ್ಡಿಗೆ ನಾನೇ ಹನ್ನೆರಡು ದಿನ ಮನೆಗೆ ಹಾಕುತ್ತೇನೆ.

ನನ್ನ ಹೊಟ್ಟೆ ಉರಿಸುವ ಸಂಗತಿ ಇನ್ನೊಂದಿದೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂತು. ಹೆಂಗಸರಿಗೆ ಸರ್ಕಾರಿ ಬಸ್ಸು ಪುಕ್ಕಟೆ. ನಮ್ಮ ಬಸ್ ಸ್ಟ್ಯಾಂಡಿನಲ್ಲಿ ಅಷ್ಟು ಹೆಣ್ಣುಮಕ್ಕಳನ್ನು ನಾನು ಮೊದಲು ನೋಡಿರಲಿಲ್ಲ. ಹಳ್ಳಿಗಳಿಂದ ಕಾಲೇಜಿಗೆ, ಟೈಲರಿಂಗ್ ಕಲಿಯಲು, ಗಾರ್ಮೆಂಟ್ಸ್ ಕೆಲಸಕ್ಕೆ ಬರುವವರು. ಕಾಲೇಜು ಬಿಡುವುದು ನಾಲ್ಕಕ್ಕೆ. ಆ ಕಡೆ ಹಳ್ಳಿಗಳಿಗೆ ಬಸ್ಸು ಐದೂಕಾಲಿಗೆ. ಒಂದೂಕಾಲು ಗಂಟೆ ಆ ಹುಡುಗಿಯರು ಎಲ್ಲಿ ಕೂರಬೇಕು? ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ, ಪಡ್ಡೆ ಹುಡುಗರ ಬೈಕಿನ ಸದ್ದು ಕೇಳಿಕೊಂಡು. ಹಳೆ ಲೈಬ್ರರಿ ಅಲ್ಲಿಂದ ಐವತ್ತು ಹೆಜ್ಜೆ. ಸಂಜೆ ಹೊತ್ತೂ ತೆರೆದಿರುತ್ತಿತ್ತು. ಬೇಕಾದವರು ಬಂದು ನಿಂತ ಹೊತ್ತಿಗೆ ಲೈಬ್ರರಿ ಬೀಗ ಹಾಕಿಕೊಂಡು ಕೂತಿತ್ತು, ತೆರೆಯುವಾಗ ಊರಾಚೆ ಹೋಗಿ ತೆರೆಯಿತು.

ನಮ್ಮಕ್ಕನ ಮಗಳೂ ಆ ಐದೂಕಾಲಿನ ಬಸ್ಸಿನವಳು. ‘ಮಾವ, ಹೊಸ ಲೈಬ್ರರಿಗೆ ನಡೆದು ಹೋಗಿ ಬರುವಷ್ಟರಲ್ಲಿ ಬಸ್ಸು ಹೋಗಿರುತ್ತೆ. ಓದುವುದು ಯಾವಾಗ?’ ಅಂದಳು. ನನಗೆ ಉತ್ತರ ಹೊಳೆಯಲಿಲ್ಲ. ನಿಮಗೆ ಬರೆಯಬೇಕು ಅಂತ ಅನ್ನಿಸಿದ್ದು ಅವತ್ತೇ.

ಗ್ರಂಥಪಾಲಕಿ ಹತ್ತಿರ ಇದನ್ನು ಹೇಳಿಕೊಂಡಾಗ ಅವರು ಎಸ್. ಆರ್. ರಂಗನಾಥನ್ ಅವರ ವಿಷಯ ಹೇಳಿದರು. ಮದ್ರಾಸಿನಲ್ಲಿ ಗಣಿತದ ಮೇಷ್ಟರಾಗಿದ್ದವರು, 1924ರಲ್ಲಿ ಅಲ್ಲಿನ ವಿಶ್ವವಿದ್ಯಾಲಯದ ಗ್ರಂಥಪಾಲಕರಾದರು. ಕೊನೆಗಾಲದಲ್ಲಿ ನಮ್ಮ ಬೆಂಗಳೂರಿನಲ್ಲೇ ಇದ್ದರು. 1962ರಲ್ಲಿ ಇಲ್ಲಿ ಒಂದು ತರಬೇತಿ ಕೇಂದ್ರ ಕಟ್ಟಿದರು, 1972ರಲ್ಲಿ ಇಲ್ಲೇ ತೀರಿಕೊಂಡರು. ಆಗಸ್ಟ್ 12ರಂದು ಗ್ರಂಥಪಾಲಕರ ದಿನ ಮಾಡುವುದು ಅವರ ಹೆಸರಿನಲ್ಲೇ. 1931ರಲ್ಲಿ ಅವರು ಐದು ಸೂತ್ರ ಬರೆದರು. ಮೊದಲನೆಯದು, ಪುಸ್ತಕ ಇರುವುದು ಬಳಸಲು. ಆ ಸೂತ್ರ ಬಿಡಿಸಿ ಹೇಳುವಾಗ ಲೈಬ್ರರಿ ಎಲ್ಲಿರಬೇಕು ಅನ್ನೋ ಮಾತನ್ನೇ ಎತ್ತಿಕೊಳ್ಳುತ್ತಾರೆ. ಸರಕು ಖರ್ಚಾಗಬೇಕು ಅನ್ನೋ ಅಂಗಡಿಯವನು ದೇವಸ್ಥಾನದ ಸನ್ನಿಧಿಯಲ್ಲಿ ಅಂಗಡಿ ಇಡುತ್ತಾನೆ ಅಂತ ಹೋಲಿಕೆ ಕೊಡುತ್ತಾರೆ. ಇದು ನಮ್ಮ ದಂಧೆಯವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಬಿಡಿ ಪೇಪರ್ ಮಾರಲು ನಾನು ಸ್ಟ್ಯಾಂಡಿನ ಬಾಗಿಲಲ್ಲಿ ಕೂರುತ್ತೇನೆಯೇ ಹೊರತು ಬೈಪಾಸಿನಲ್ಲಿ ಕೂರುವುದಿಲ್ಲ.

ಒಮ್ಮೆ ವಿತರಕರ ಸಭೆಗೆ ಅಂತ ಬೆಂಗಳೂರಿಗೆ ಹೋದಾಗ ಕಬ್ಬನ್ ಪಾರ್ಕಿನ ಕೆಂಪು ಕಟ್ಟಡಕ್ಕೆ ಹೋಗಿದ್ದೆ. ಶೇಷಾದ್ರಿ ಅಯ್ಯರ್ ಸ್ಮಾರಕ ಭವನ, 1915ರದ್ದು. ಈಗ ರಾಜ್ಯ ಕೇಂದ್ರ ಗ್ರಂಥಾಲಯ. ಪಾರ್ಕಿನಲ್ಲಿ ವಾಕಿಂಗ್ ಬಂದವರು, ಕೋರ್ಟಿಗೆ ಬಂದವರು ಹಾಗೇ ಒಳಗೆ ಬಂದು ಪೇಪರ್ ಹಿಡಿದು ಕೂತಿದ್ದರು. ನೂರು ವರ್ಷದ ಹಿಂದಿನವರಿಗೆ ಜಾಗ ಆರಿಸುವುದು ಗೊತ್ತಿತ್ತು ಅಲ್ವಾ?

ಇನ್ನು ಕಾರ್ಯಕ್ರಮಗಳ ಮಾತು. ನವೆಂಬರ್ 14ರಿಂದ 20ರವರೆಗೆ ಗ್ರಂಥಾಲಯ ಸಪ್ತಾಹ. ಆ ವಾರ ಬ್ಯಾನರ್ ಕಟ್ಟುತ್ತಾರೆ, ಪ್ರಬಂಧ ಸ್ಪರ್ಧೆ ಇಡುತ್ತಾರೆ, 21ಕ್ಕೆ ಬ್ಯಾನರ್ ಬಿಚ್ಚುತ್ತಾರೆ. ಹಳೆ ಲೈಬ್ರರಿಯಲ್ಲಿ ಇಷ್ಟೇ ನಾನು ಕಂಡಿದ್ದು. ನಿಜ ಹೇಳುತ್ತೇನೆ, ಲೈಬ್ರರಿಗೆ ‘ಕಾರ್ಯಕ್ರಮ’ ಯಾಕೆ ಬೇಕು, ಸದ್ದಿಲ್ಲದೆ ಓದಲಿ ಅನ್ನೋ ಜನರಲ್ಲಿ ನಾನೂ ಒಬ್ಬನಾಗಿದ್ದೆ. ಬುದ್ಧಿ ಬಂದಿದ್ದು ಅಕ್ಕನ ಊರಿನಲ್ಲಿ.

ಹಳ್ಳಿ ಲೈಬ್ರರಿಗಳನ್ನು 2019ರಲ್ಲಿ ಗ್ರಂಥಾಲಯ ಇಲಾಖೆಯಿಂದ ಪಂಚಾಯತ್ ರಾಜ್ ಇಲಾಖೆಗೆ ವಹಿಸಿದರು. ಐದೂವರೆ ಸಾವಿರಕ್ಕೂ ಜಾಸ್ತಿ ಲೈಬ್ರರಿಗಳು. ಈಗ ಅವನ್ನು ‘ಅರಿವು ಕೇಂದ್ರ’ ಅಂತಾರೆ. ಕೊರೊನಾದಲ್ಲಿ ಶಾಲೆ ಮುಚ್ಚಿದ್ದಾಗ, 2020ರ ನವೆಂಬರಿನಲ್ಲಿ, ‘ಓದುವ ಬೆಳಕು’ ಅಂತ ಶುರುವಾಯಿತು. ಆರರಿಂದ ಹದಿನೆಂಟು ವರ್ಷದ ಮಕ್ಕಳಿಗೆ ಪುಕ್ಕಟೆ ಸದಸ್ಯತ್ವ. ಪುಸ್ತಕ ಕೇಳಿ ತರಲು ‘ಪುಸ್ತಕ ಜೋಳಿಗೆ’. ಜೋಳಿಗೆ ಹಿಡಿದು ಬಂದರೆ ಇಲ್ಲ ಅನ್ನಲು ನಮ್ಮ ಕಡೆ ಯಾರಿಗೂ ನಾಲಿಗೆ ಏಳುವುದಿಲ್ಲ. ಒಳ್ಳೆ ಹೆಸರು ಇಟ್ಟರು. ಅಕ್ಕನ ಊರಿನ ಕೇಂದ್ರ ಪಂಚಾಯಿತಿ ಕಟ್ಟಡದಲ್ಲೇ ಇದೆ. ರೇಷನ್ ಅಂಗಡಿ, ಹಾಲಿನ ಡೇರಿ ಎರಡೂ ಎದುರಿಗೆ. ಡೇರಿಗೆ ಹಾಲು ಹಾಕಲು ಬಂದ ಮಗು ಕ್ಯಾನ್ ಹೊರಗಿಟ್ಟು ಒಳಗೆ ಹೋಗಿ ಚೆಸ್ ಆಡುತ್ತಿದ್ದನ್ನು ಕಣ್ಣಾರೆ ಕಂಡೆ. ಗೋಡೆ ತುಂಬ ಮಕ್ಕಳು ಬಿಡಿಸಿದ ಚಿತ್ರ. ಒಂದು ಹುಡುಗಿ ಕಥೆ ಓದುತ್ತಿದ್ದಳು, ಅವಳ ಅಜ್ಜಿ ಬಾಗಿಲಲ್ಲಿ ಅವರೆಕಾಯಿ ಸುಲಿಯುತ್ತ ಕೇಳುತ್ತಿದ್ದರು. ತಾಲ್ಲೂಕು ಕೇಂದ್ರದವನಾದ ನನಗೆ ಹಳ್ಳಿಯ ಮೇಲೆ ಹೊಟ್ಟೆಕಿಚ್ಚಾಯಿತು.

ಗ್ರಂಥಪಾಲಕಿಗೆ ಹೇಳಿದೆ. ಅವರ ಮನಸ್ಸಲ್ಲೂ ಅದೇ ಇತ್ತು. ಫೆಬ್ರುವರಿಯಿಂದ ಪ್ರತಿ ಭಾನುವಾರ ಮಕ್ಕಳ ಕೋಣೆಯಲ್ಲಿ ಒಂದು ಗಂಟೆ ಶುರು ಮಾಡಿದರು. ಭಾಷಣ ಮಾಡುವ ದೊಡ್ಡ ಮನುಷ್ಯರನ್ನು ಕರೆಯುವುದಿಲ್ಲ ಅಂತ ಮೊದಲೇ ತೀರ್ಮಾನ ಮಾಡಿಕೊಂಡರು. ಒಂದು ವಾರ ಮಡಕೆ ಮಾಡುವವರು ಬಂದರು, ಇನ್ನೊಂದು ವಾರ ಜೇನು ಸಾಕುವವರು. ಮೂರನೇ ವಾರ ನನ್ನನ್ನು ಕರೆದರು. ‘ಪೇಪರ್ ನಿಮ್ಮ ಮನೆಗೆ ಹೇಗೆ ಬರುತ್ತೆ’ ಅಂತ ಹೇಳಬೇಕಂತೆ.

ಹಿಂದಿನ ರಾತ್ರಿ ಹೆದರಿಕೆಯಿಂದ ಊಟ ಸೇರಲಿಲ್ಲ. ಮಕ್ಕಳ ಎದುರು ನಿಂತಾಗ ಬಾಯಿ ಒಣಗಿತು. ಕೊನೆಗೆ ಮಾತು ಬೇಡ ಅಂತ ಒಂದು ಪೇಪರ್ ತೆಗೆದು ಮಡಚಿ ತೋರಿಸಿದೆ. ನಾಲ್ಕು ಮಡಿಕೆ, ಕೊನೆಯ ಮಡಿಕೆಯನ್ನು ಒಳಗೆ ಸಿಕ್ಕಿಸುವುದು. ಹಾಗೆ ಸಿಕ್ಕಿಸಿದರೆ ಕೆಳಗಿನಿಂದ ಎರಡನೇ ಮಹಡಿಗೆ ಎಸೆದರೂ ಬಿಚ್ಚುವುದಿಲ್ಲ. ಎಸೆದು ತೋರಿಸು ಅಂದರು. ಕಿಟಕಿಯಿಂದ ಬೀರುವಿನ ಮೇಲಕ್ಕೆ ಎಸೆದೆ. ಆಮೇಲೆ ಹತ್ತು ನಿಮಿಷ ಆ ಕೋಣೆಯಲ್ಲಿ ಪೇಪರ್ ಹಾರಾಡಿದ್ದು ಬಿಟ್ಟರೆ ಬೇರೇನೂ ನಡೆಯಲಿಲ್ಲ. ಸುಸ್ತಾದ ಮೇಲೆ ಪ್ರಶ್ನೆ ಶುರು. ಮಳೆ ಬಂದರೆ ಏನು ಮಾಡ್ತೀರಿ? ನಾಯಿ ಅಟ್ಟಿಸಿಕೊಂಡು ಬಂದರೆ? ಸುಳ್ಳು ಸುದ್ದಿ ಬಂದರೆ ನೀವು ಹಾಕ್ತೀರಾ? ಮೊದಲ ಎರಡಕ್ಕೆ ಉತ್ತರ ಹೇಳಿದೆ. ಮೂರನೆಯದಕ್ಕೆ ‘ಸಂಪಾದಕರನ್ನು ಕೇಳಿ ಹೇಳುತ್ತೇನೆ’ ಅಂದಿದ್ದೇನೆ. ಆ ಮಗುವಿಗೆ ಏಳು ವರ್ಷ. ಉತ್ತರ ನೀವೇ ಬರೆದು ಕಳಿಸಿದರೆ ಒಳ್ಳೆಯದು.

ಅವತ್ತು ಬಂದಿದ್ದು ಹದಿನಾಲ್ಕು ಮಕ್ಕಳು. ಎಲ್ಲರೂ ಹೊಸ ಬಡಾವಣೆಯವರು, ಅಪ್ಪಂದಿರ ಬೈಕಿನಲ್ಲಿ ಬಂದವರು. ಪೇಟೆಬೀದಿಯ, ಸಂತೆಮಾಳದ, ಬಸ್ ಸ್ಟ್ಯಾಂಡ್ ಹಿಂದಿನ ಓಣಿಯ ಒಂದು ಮಗುವೂ ಇರಲಿಲ್ಲ. ಅವರನ್ನು ಯಾರು ಕರೆತರಬೇಕು? ಅವರ ಅಪ್ಪ ಅಮ್ಮ ಭಾನುವಾರ ತರಕಾರಿ ಮಾರುತ್ತಿರುತ್ತಾರೆ.

ಅದಕ್ಕೆ ನಾವೇ ಒಂದು ಉಪಾಯ ಮಾಡಿದೆವು. ಸಂತೆಯ ದಿನ ಒಂದು ಕಬ್ಬಿಣದ ಟ್ರಂಕಿನಲ್ಲಿ ಮಕ್ಕಳ ಪುಸ್ತಕ, ವಾರಪತ್ರಿಕೆ ತುಂಬಿಕೊಂಡು ನನ್ನ ಟಿವಿಎಸ್ಸಿನಲ್ಲಿ ಹಳೆ ಜಾಗಕ್ಕೆ ತಂದೆವು. ಟೀ ಅಂಗಡಿಯ ಬೆಂಚಿನ ಪಕ್ಕ ಜಮಖಾನ ಹಾಸಿದೆವು. ಮೊದಲ ವಾರ ಜನ ಇದು ಮಾರಾಟಕ್ಕೆ ಅಂದುಕೊಂಡು ರೇಟು ಕೇಳಿದರು. ಎರಡನೇ ವಾರ ತರಕಾರಿಯವರ ಮಕ್ಕಳು ಕೂತರು. ಐದೂಕಾಲಿನ ಬಸ್ಸಿನ ಹುಡುಗಿಯರೂ ಬಂದರು. ಮೂರನೇ ವಾರ ಕೊನೆಯ ಪುಟದಿಂದ ಓದುವ ಅಜ್ಜ ಕೋಲು ಊರಿಕೊಂಡು ಬಂದರು! ಎಲ್ಲಿ ಹೋಗಿದ್ರಿ ಅಂದರೆ, ‘ಎಲ್ಲೂ ಹೋಗಿಲ್ಲ ಕಣೋ, ಲೈಬ್ರರಿ ಹೋಗಿದ್ದು’ ಅಂದರು.

ನಾಲ್ಕನೇ ವಾರ ನಿಲ್ಲಿಸಬೇಕಾಯಿತು. ಸರ್ಕಾರಿ ಪುಸ್ತಕವನ್ನು ಅನುಮತಿ ಇಲ್ಲದೆ ಹೊರಗೆ ಒಯ್ಯುವಂತಿಲ್ಲ ಅಂತ ಮೇಲಿನಿಂದ ಮಾತು ಬಂತು. ನಿಯಮ ನಿಯಮವೇ, ಒಪ್ಪುತ್ತೇನೆ. ಆದರೆ ಅನುಮತಿ ಕೇಳಿ ಬರೆದ ಕಾಗದಕ್ಕೆ ಇನ್ನೂ ಉತ್ತರ ಇಲ್ಲ. 1931ರಲ್ಲೇ ತಮಿಳುನಾಡಿನ ಮನ್ನಾರ್‌ಗುಡಿಯ ಸುತ್ತಿನ ಹಳ್ಳಿಗಳಿಗೆ ಎತ್ತಿನ ಗಾಡಿಯಲ್ಲಿ ಲೈಬ್ರರಿ ಹೋಗುತ್ತಿತ್ತಂತೆ. ಇಷ್ಟು ವರ್ಷ ಆದ ಮೇಲೆ ಒಂದು ಟ್ರಂಕು ಎರಡು ಕಿಲೋಮೀಟರ್ ಹೋಗಲು ಇಷ್ಟು ಕಷ್ಟವೇ?

ದುಡ್ಡಿಲ್ಲ ಅಂತ ಹೇಳುವಂತಿಲ್ಲ. ಮನೆ ಕಂದಾಯದ ರಸೀದಿ ತೆಗೆದು ನೋಡಿ, ‘ಗ್ರಂಥಾಲಯ ಕರ’ ಅಂತ ಒಂದು ಸಾಲು ಇರುತ್ತದೆ. ಆಸ್ತಿ ತೆರಿಗೆಯ ಮೇಲೆ ಶೇ. 6. ನನ್ನ ಮನೆ ಕಂದಾಯ ವರ್ಷಕ್ಕೆ 1,800 ರೂಪಾಯಿ. ಅದಕ್ಕೆ ಲೈಬ್ರರಿಯ ಪಾಲು 108. ಒಂದು ತಿಂಗಳ ಪೇಪರ್ ಬಿಲ್ಲಿಗೂ ಸಾಲದು, ನಿಜ. ಆದರೆ ನಮ್ಮೂರಿನ ಎಲ್ಲ ಮನೆ, ಅಂಗಡಿ, ಕಲ್ಯಾಣಮಂಟಪ, ರೈಸ್ ಮಿಲ್ ಸೇರಿಸಿ ನೋಡಿ. ವಸೂಲಾದ ಈ ದುಡ್ಡು ಎಷ್ಟು, ಅದರಲ್ಲಿ ಗ್ರಂಥಾಲಯಕ್ಕೆ ಹೋಗಿದ್ದೆಷ್ಟು ಅಂತ ಕೇಳಿ ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್ ಅಂಟಿಸಿ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿದ್ದೇನೆ. ಮೂವತ್ತು ದಿನದಲ್ಲಿ ಉತ್ತರ ಕೊಡಬೇಕು. ಇವತ್ತಿಗೆ ಹತ್ತೊಂಬತ್ತು ದಿನ ಆಯಿತು. ನೋಡೋಣ.

ನಾನು ಕೇಳುತ್ತಿರುವುದು ದೊಡ್ಡದೇನಲ್ಲ. ಹೊಸ ಲೈಬ್ರರಿ ಅಲ್ಲೇ ಇರಲಿ, ಪರೀಕ್ಷೆಯ ಮಕ್ಕಳಿಗೆ ಅದು ಬೇಕು. ಅವರಿಗಾಗಿ ಬಾಗಿಲು ಏಳೂವರೆಗೇ ತೆರೆಯಲಿ. ಬಸ್ ಸ್ಟ್ಯಾಂಡಿನ ಸರ್ಕಾರಿ ವಾಣಿಜ್ಯ ಮಳಿಗೆಯಲ್ಲಿ ಒಂದು ಶಟರ್ ಎರಡು ವರ್ಷದಿಂದ ಖಾಲಿ ಇದೆ. ಹರಾಜಿಗೆ ಇಟ್ಟರೂ ಯಾರೂ ಹಿಡಿದಿಲ್ಲ. ಮೂತ್ರಿಯ ಪಕ್ಕ ಅಂತ. ಅದನ್ನು ಓದುವ ಕೋಣೆ ಮಾಡಿ. ನಾಲ್ಕು ಬೆಂಚು, ಒಂದು ಫ್ಯಾನ್, ಒಂದು ಬೀರು, ಬೆಳಗ್ಗೆ ಎರಡು ಗಂಟೆ, ಸಂಜೆ ಮೂರು ಗಂಟೆಗೆ ಒಬ್ಬರು. ಮೂತ್ರಿಯನ್ನು ಪುರಸಭೆ ತೊಳೆಸಲಿ, ಅದನ್ನು ಹೇಗೂ ತೊಳೆಸಬೇಕಲ್ಲ. ಭಾನುವಾರದ ಮಕ್ಕಳ ಕಾರ್ಯಕ್ರಮ ಒಂದು ವಾರ ಹೊಸ ಲೈಬ್ರರಿಯಲ್ಲಿ, ಒಂದು ವಾರ ಇಲ್ಲಿ ನಡೆಯಲಿ. ಆ ಟ್ರಂಕಿಗೆ ಒಂದು ಅನುಮತಿ ಚೀಟಿ ಕೊಡಿ. ಪೇಪರಿನ ಬಿಲ್ ಚಿಂತೆ ಬೇಡ, ಮೊದಲ ಒಂದು ವರ್ಷ ನಾನೇ ಹಾಕುತ್ತೇನೆ. ಈ ಮಾತನ್ನು ಬರವಣಿಗೆಯಲ್ಲೂ ಕೊಟ್ಟಿದ್ದೇನೆ, ಹೆಂಡತಿಗೆ ಇನ್ನೂ ಹೇಳಿಲ್ಲ.

ಪತ್ರ ಉದ್ದವಾಯಿತು. ನಿಮ್ಮ ಓದುಗರ ಕಾಲಂ ಎಷ್ಟು ಸಣ್ಣದು ಅಂತ ನನಗಿಂತ ಚೆನ್ನಾಗಿ ಯಾರಿಗೂ ಗೊತ್ತಿಲ್ಲ. ಕತ್ತರಿಸುವುದಾದರೆ ನನ್ನ ಪುರಾಣ ಕತ್ತರಿಸಿ, ಗೆದ್ದಲಿನದೂ ಉದ್ಘಾಟನೆಯದೂ ತೆಗೆಯಿರಿ. ಐದೂಕಾಲಿನ ಬಸ್ಸಿನದು ಮಾತ್ರ ತೆಗೆಯಬೇಡಿ.

ಅಚ್ಚಾಗುವ ದಿನ ನಮ್ಮೂರಿನ ಬಂಡಲಿಗೆ ಐದು ಪ್ರತಿ ಜಾಸ್ತಿ ಹಾಕಿಸಿ. ಒಂದು ಟೀ ಅಂಗಡಿಯ ಹಗ್ಗಕ್ಕೆ, ಒಂದು ಅಜ್ಜನಿಗೆ. ಅಜ್ಜನದನ್ನು ಕೊನೆಯ ಪುಟ ಮೇಲೆ ಬರುವ ಹಾಗೆ ಮಡಚಿ ಕೊಡುತ್ತೇನೆ. ಉಳಿದ ಮೂರು ಯಾರ ಟೇಬಲ್ಲಿಗೆ ಹೋಗಬೇಕು ಅಂತ ನನಗೆ ಗೊತ್ತಿದೆ. ಆ ಮೂರೂ ಮನೆ ನನ್ನ ಲೈನಿನಲ್ಲೇ ಇವೆ.

ಇಂತಿ,
ಒಬ್ಬ ಪತ್ರಿಕಾ ವಿತರಕ
ತುಮಕೂರು ಜಿಲ್ಲೆ